ತಿಳಿನೀರಿನಲ್ಲಿ ಕಾಣದ ಬಲೆ

ಕನ್ನಂಬಾಡಿ ಹಿನ್ನೀರಿನಲ್ಲಿ ಮೂವತ್ತು ವರ್ಷ ಮೀನು ಹಿಡಿದ ಚಲುವಯ್ಯ, ತಿಳಿನೀರಿನ ಆಳದಲ್ಲಿ ನೆರಳು ಆಡಿದರೆ ಸಾಕು, ಕಾಟ್ಲವೋ ಬಾಳೆಮೀನೋ ಎಂದು ಹೇಳಿಬಿಡುತ್ತಿದ್ದ. ಆವತ್ತು ಬೆಳಿಗ್ಗೆ ಹುಟ್ಟು ಹಾಕುವುದನ್ನು ನಿಲ್ಲಿಸಿ, "ಯಾರೋ ನಮ್ ಬಲೆ ಕದ್ಕೊಂಡೋಗವ್ರೆ ಕಣಮ್ಮಿ" ಎಂದ.

ಬಲೆಗೆ ಕಟ್ಟಿದ್ದ ಬಿಳಿ ಬಾಟಲಿಗಳು ತೆಪ್ಪದಿಂದ ಎರಡೇ ಮಾರು ದೂರದಲ್ಲಿ ತೇಲುತ್ತಿದ್ದವು. ಜೊತೆಗಿದ್ದ ಹೆಂಡತಿ ಮಾರಮ್ಮ ಒಮ್ಮೆ ಅವುಗಳನ್ನು, ಒಮ್ಮೆ ಗಂಡನ ಮುಖವನ್ನು ನೋಡಿದಳು.

"ಯಾವಾಗ್ಲಿಂದ ಕಣ್ಣು ಕಾಣ್ತಿಲ್ಲ?"

ಅವನು ತಲೆ ತಗ್ಗಿಸಿದ. "ಉಗಾದಿಯಿಂದ. ಯೋಳಿದ್ರೆ ನೀನು ನೀರಿಗೆ ಇಳಿಯಕ್ ಬುಡ್ತಿರ್ಲಿಲ್ಲ."

ಮಾರಮ್ಮ ಅವನ ಕೈಯಿಂದ ಹುಟ್ಟು ತೆಗೆದುಕೊಂಡು ತೆಪ್ಪವನ್ನು ಬಾಟಲಿಗಳ ಬಳಿಗೆ ಸಾಗಿಸಿದಳು. ಬಾಗಿ ತಾನೇ ಬಲೆ ಎಳೆದು, ಸಿಕ್ಕ ನಾಲ್ಕು ಮೀನನ್ನು ಬುಟ್ಟಿಗೆ ಹಾಕಿದಳು.

"ದಡ ಯಾವ್ ಕಡೆ ಅಂತ ನಾನ್ ಯೋಳ್ತೀನಿ, ನೀನು ಹುಟ್ಟಾಕು. ಇವತ್ತೇ ಪಾಂಡವಪುರದ ಆಸ್ಪತ್ರೆಗೆ ಓಗವ" ಎಂದಳು.

ಚಲುವಯ್ಯ ಮತ್ತೆ ಹುಟ್ಟು ಹಿಡಿದ. ಅವಳು ಹೇಳಿದ ಕಡೆಗೇ ತೆಪ್ಪ ತಿರುಗಿಸಿದ.