ಅರ್ಧರ್ಧ ಹೇಳಿದ ಸುಡಾನ್

ನನ್ನ ಗಂಡನಿಗೆ ಸುಡಾನಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಾಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರು ದಾವಣಗೆರೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು, ಆದರೆ ನೌಕರಿ ಕಾಯಂ ಆಗಿರಲಿಲ್ಲ. ನಮ್ಮ ತಂದೆಯದು ಪೇಟೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ. ನಮ್ಮ ಓಣಿಯವರಿಗೆ ಫಾರಿನ್ ಅಂದರೆ ಗಲ್ಫ್. ಸುಡಾನೂ ಅದರ ಆಚೆ ಓಣಿ ಇರಬೇಕು ಅಂದುಕೊಂಡರು. ನಾನೂ ಹಾಗೇ ಅಂದುಕೊಂಡು, ಕಪ್ಪು ಬುರ್ಖಾ ಒಂದು ಹೊಸದು ಹೊಲಿಸಿಕೊಂಡು ಹೊರಟೆ.

ಖಾರ್ಟೂಮಿನಲ್ಲಿ ಇಳಿದ ಮೇಲೆ ತಿಳಿಯಿತು, ನಮ್ಮ ಶಾಲೆ ಇರುವುದು ವಾವ್ ಎಂಬ ಊರಿನಲ್ಲಿ, ದೇಶದ ತೆಂಕಣ ತುದಿಯ ಕಡೆ. ವಿಮಾನದಲ್ಲಿ ಜಾಗ ಇರಲಿಲ್ಲ. ರೈಲಿನಲ್ಲಿ ಹೋಗಿ ಅಂದರು. ಎಷ್ಟು ದಿನ ಆಗುತ್ತದೆ ಅಂತ ನನ್ನ ಗಂಡ ಆಫೀಸಿನ ಗುಮಾಸ್ತನನ್ನು ಕೇಳಿದರೆ, ಆತ ನಕ್ಕು, "ಅದು ರೈಲಿಗೇ ಗೊತ್ತು" ಅಂದ.

ಹೆಂಗಸರದೇ ಒಂದು ಡಬ್ಬಿ ಇತ್ತು. ನನ್ನನ್ನು ಅಲ್ಲಿ ಕೂರಿಸಿ ಅವರು ಪಕ್ಕದ ಡಬ್ಬಿಗೆ ಹೋದರು. ನನಗೆ ಆಗ ಮೂರು ತಿಂಗಳು. ವಾಕರಿಕೆ ನಿಂತಿರಲಿಲ್ಲ. ಕಿಟಕಿಯಿಂದ ಉಸುಕು ಬಂದು ಹಲ್ಲಿನ ಸಂದಿಯಲ್ಲಿ ಕರಕರ ಅನ್ನುತ್ತಿತ್ತು. ನನ್ನ ಎದುರಿಗೆ ಒಬ್ಬ ಮುದುಕಿ ಕೂತಿದ್ದಳು. ಅಲ್ಲಿಯ ಬಡಗಣ ಸೀಮೆಯ ಹೆಂಗಸರು ಮೈತುಂಬ ಸುತ್ತಿಕೊಳ್ಳುವ ಒಂದೇ ಉದ್ದನೆಯ ಬಿಳಿ ಬಟ್ಟೆ ಅವಳ ಮೈಮೇಲಿತ್ತು. ಅವಳ ಮಗ ವಾವ್‌ನಲ್ಲಿ ಅಂಗಡಿ ಇಟ್ಟಿದ್ದನಂತೆ. ಅವನ ಮನೆಗೆ ಹೊರಟಿದ್ದಳು. ಇದನ್ನೆಲ್ಲ ಕೈಸನ್ನೆಯಲ್ಲೇ ತಿಳಿದುಕೊಂಡೆ.

ಅವಳು ನನ್ನ ಬುರ್ಖಾ ನೋಡಿ ಏನೋ ಕೇಳಿದಳು. ಮುಸ್ಲಿಂ ಅನ್ನುವ ಒಂದು ಶಬ್ದ ಮಾತ್ರ ತಿಳಿಯಿತು, ನಮ್ಮವಳೇನು ಅಂತ ಕೇಳುತ್ತಿದ್ದಳು. ನಾನು ತಲೆ ಆಡಿಸಿ, ಮದರಸಾದಲ್ಲಿ ಕಲಿತಿದ್ದ ಕುರಾನಿನ ಒಂದು ಸೂರಾ ಓದಿದೆ. ಮುದುಕಿ ನನ್ನ ಕೈ ತೆಗೆದುಕೊಂಡು ಮುತ್ತಿಟ್ಟಳು. ಉಳಿದವರೂ ಹತ್ತಿರ ಬಂದರು. ಇನ್ನೊಂದು, ಮತ್ತೊಂದು ಅಂತ ಕೇಳಿ ಓದಿಸಿದರು. ಓದು ಮುಗಿದ ಮೇಲೆ ಒಬ್ಬಳು ಏನೋ ಪ್ರಶ್ನೆ ಕೇಳಿದಳು, ಬಹುಶಃ ಓದಿದ್ದರ ಅರ್ಥದ ಬಗ್ಗೆ. ನಾನು ಹಲ್ಲು ಬಿಟ್ಟೆ. ನಾನು ಗಿಳಿಪಾಠ ಒಪ್ಪಿಸಿದ್ದೇನೆ ಅಂತ ಅವರಿಗೆ ಆಗ ಗೊತ್ತಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ನನಗೇ ಮುಖ ಸುಟ್ಟ ಹಾಗಾಯಿತು. ಆಮೇಲೂ ಆ ಮುದುಕಿ ದಿನಾ ತನ್ನ ಬುತ್ತಿಯಲ್ಲಿ ನನಗೆ ಪಾಲು ಕೊಟ್ಟಳು. ಜೋಳದ ಹಿಟ್ಟಿನ ತೆಳ್ಳನೆಯ ದೋಸೆ. ಸ್ವಲ್ಪ ಹುಳಿ, ಆದರೆ ಜೋಳ ಜೋಳವೇ. ಹೊಟ್ಟೆಗೆ ಹತ್ತಿತು.

ವಾರ ಕಳೆಯಿತು. ಒಂದು ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿ ತೆಂಕಣಕ್ಕೆ ತಿರುಗಿದೆವು. ಒಂದು ಹೊಳೆ ದಾಟಿದ ಮೇಲೆ ಉಸುಕು ಹೋಗಿ ಹಸಿರು ಬಂತು. ನನಗೆ ಖುಷಿಯಾಯಿತು, ಆದರೆ ಡಬ್ಬಿಯ ಹೆಂಗಸರು ಮಾತು ಕಡಿಮೆ ಮಾಡಿದರು. ಕಿಟಕಿಯ ಬಾಗಿಲು ಎಳೆದರು. ಹೊರಗೆ ದನಗಳ ಹಿಂಡು, ಅವುಗಳ ನಡುವೆ ತುಂಬಾ ಎತ್ತರದ ಜನ, ಹಣೆಯ ಮೇಲೆ ಬರೆ, ಮೈಗೆ ಬೂದಿ. ನಾನೂ ಹೆದರಿದೆ. ಯಾಕೆ ಹೆದರಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಬಯಲಿನ ನಡುವೆ ಇಂಜಿನ್ ಕೆಟ್ಟು ನಿಂತಿತು. ದುರಸ್ತಿಗೆ ಬೇರೆ ಕಡೆಯಿಂದ ಜನ ಬರಬೇಕು ಅಂದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗಾಡಿಯಲ್ಲಿ ನೀರು ಮುಗಿದಿತ್ತು, ನನಗೆ ಸೊಂಟದಿಂದ ನೋವು ಶುರುವಾಗಿತ್ತು. ಏಳಲು ಹೋದಾಗ ಬೆಂಚು ಒದ್ದೆಯಾಗಿದ್ದು ಕಂಡಿತು. ಬಟ್ಟೆಯೆಲ್ಲ ರಕ್ತ. ಮುದುಕಿ ತನ್ನ ಬಿಳಿ ಬಟ್ಟೆ ಬಿಚ್ಚಿ ನನಗೆ ಸುತ್ತಿದಳು. ಒಳಗಿನ ಸಣ್ಣ ಲಂಗದಲ್ಲಿ, ತೋಳು ಬಿಟ್ಟುಕೊಂಡು, ಬಾಗಿಲಿಗೆ ಹೋಗಿ ಹೊರಗಿದ್ದವರನ್ನು ಕೂಗಿ ನೀರು ಕೇಳಿದಳು.

ಕೆಳಗೆ ಹತ್ತಿರದ ಹಳ್ಳಿಯವರು ನಿಂತಿದ್ದರು. ಬಡಗಣದ ವ್ಯಾಪಾರಿಗಳ ಮೇಲೆ ಆ ಜನಕ್ಕೆ ಬಹಳ ಕಾಲದ ಸಿಟ್ಟು. ಹಿಂದೆ ಈ ಹಳ್ಳಿಯವರ ಹಿರಿಯರನ್ನು ಬಡಗಣದವರ ಹಿರಿಯರು ಹಿಡಿದು ಗುಲಾಮರಾಗಿ ಮಾರಿದ್ದರು, ನಡುವೆ ಒಂದು ಯುದ್ಧವೂ ಆಗಿತ್ತು. ಅದೆಲ್ಲ ನನಗೆ ಆಮೇಲೆ ತಿಳಿದದ್ದು. ಮುದುಕಿ ಕೂಗಿದಳು, ಅವರು ಮುಖ ತಿರುಗಿಸಿದರು. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಸುಮ್ಮನೆ ನಿಂತರು.

ಅಷ್ಟರಲ್ಲಿ ನನ್ನ ಗಂಡ ಓಡಿ ಬಂದರು. ನನ್ನನ್ನು ನೋಡಿ ಅವರ ಬಣ್ಣವೇ ಇಳಿಯಿತು. ತಲೆಯ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡು, ಕಲಿತಿದ್ದ ನಾಲ್ಕು ಅರಬ್ಬಿ ಶಬ್ದದಲ್ಲಿ, ಕೈ ಮುಗಿದು ಆ ಜನಕ್ಕೆ ಹೇಳಿದರು: "ನಾವು ಇವರಲ್ಲ. ನಾವು ಇಂಡಿಯಾದವರು. ಇವರು ನಮಗೆ ಯಾರೂ ಅಲ್ಲ."

ಮುದುಕಿ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಅದು ಅವಳ ಭಾಷೆ. ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಅವಳ ಬಟ್ಟೆ ನನ್ನ ಮೈಮೇಲೆ ಕೆಂಪಾಗುತ್ತಿತ್ತು. ನನಗೆ ನೋವಿತ್ತು, ಭಯವಿತ್ತು, ಆದರೂ ಆ ಮಾತು ಕಿವಿಗೆ ಬಿದ್ದಾಗ ಮೊದಲು ಆದದ್ದು ನಾಚಿಕೆಯೇ. ಅವರನ್ನು ಬೈಯುವ ಹಾಗೂ ಇರಲಿಲ್ಲ. ಆ ಮಾತಿನಿಂದಲೇ ನಾನು ಉಳಿದೆ.

ಗುಂಪಿನಿಂದ ಒಬ್ಬಳು ಹೆಂಗಸು ಮುಂದೆ ಬಂದಳು. ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡಳು. ಹುಲ್ಲಿನ ಗುಡಿಸಲಿನಲ್ಲಿ ಚಾಪೆಯ ಮೇಲೆ ಮಲಗಿಸಿ, ನನ್ನ ಬಟ್ಟೆಯೆಲ್ಲ ತೆಗೆದು, ತೊಳೆದಳು. ಹೆತ್ತ ತಾಯಿಯ ಮುಂದೂ ನಾನು ಹಾಗೆ ಇದ್ದವಳಲ್ಲ. ನಾಚಿ ಮೈ ಮುದುಡಿಕೊಂಡರೆ, ಅವಳು ನನ್ನ ಮೊಣಕಾಲು ಮೆಲ್ಲಗೆ ತಟ್ಟಿ ಬಿಡಿಸಿದಳು. ಮಗು ಹೋಗಿತ್ತು. ಅದನ್ನು ಅವಳೇ ಎಲೆಯಲ್ಲಿ ಸುತ್ತಿ ಹೊರಗೆ ಒಯ್ದಳು. ಎಲ್ಲಿ ಹೂತಳೋ ನಾನು ಕೇಳಲಿಲ್ಲ. ಸೋರೆಬುರುಡೆಯಲ್ಲಿ ಹಾಲು ಕುಡಿಸಿದಳು. ಹೊಗೆಯ ವಾಸನೆಯ ಹಾಲು. ಆ ಬಿಳಿ ಬಟ್ಟೆಯನ್ನೂ ತೊಳೆದು ಮುಳ್ಳಿನ ಬೇಲಿಯ ಮೇಲೆ ಹರವಿದಳು. ಅದು ಯಾರದು ಅಂತ ಅವಳಿಗೆ ಗೊತ್ತಿತ್ತು.

ಇಂಜಿನ್ ಸರಿಯಾದ ಮೇಲೆ ಹಳ್ಳಿಯವರೇ ನನ್ನನ್ನು ಗಾಡಿಯ ಹತ್ತಿರ ತಂದು ಬಿಟ್ಟರು. ಮುದುಕಿ ಯಾರದೋ ಚಾದರ ಹೊದ್ದು ಅದೇ ಜಾಗದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಸರಿದು, ಮಲಗಲು ಜಾಗ ಮಾಡಿದಳು. ಬಟ್ಟೆ ಮಡಿಸಿ ಕೊಟ್ಟೆ. ಕಲೆ ಪೂರ್ತಿ ಹೋಗಿರಲಿಲ್ಲ. ತೆಗೆದುಕೊಂಡು ಪಕ್ಕಕ್ಕಿಟ್ಟಳು. ಊಟದ ಹೊತ್ತಿಗೆ ಬುತ್ತಿಯಲ್ಲಿ ನನ್ನ ಪಾಲು ಕೊಟ್ಟಳು. ಆ ಪಾಲನ್ನು ನಾನು ಹೇಗೆ ನುಂಗಿದೆನೋ. ವಾವ್ ಸ್ಟೇಷನ್ನಿನಲ್ಲಿ ಇಳಿಯುವಾಗ ನನ್ನ ತಲೆಯ ಮೇಲೆ ಕೈ ಇಟ್ಟಳು; ನನ್ನ ಗಂಡನ ಕಡೆ ಮಾತ್ರ ನೋಡಲಿಲ್ಲ.

ಅವಳ ಮಗನ ಅಂಗಡಿ ನಮ್ಮ ಶಾಲೆಯಿಂದ ಬಹಳ ದೂರವಿರಲಿಲ್ಲ. ನಾವು ಅಲ್ಲಿಗೆ ಹೋಗಲಿಲ್ಲ. ಶಾಲೆಯ ಹುಡುಗರು ಆ ಹಳ್ಳಿಯವರ ಜನವೇ, ನೋಡಿದರೆ ಏನು ತಿಳಿಯುತ್ತಾರೋ ಅಂತ ನನ್ನ ಗಂಡನಿಗೆ ಅಂಜಿಕೆ. ಸ್ವಲ್ಪ ಕಾಲದಲ್ಲೇ ಮತ್ತೆ ಯುದ್ಧ ಶುರುವಾಯಿತು, ಶಾಲೆ ಮುಚ್ಚಿತು, ನಾವು ಊರಿಗೆ ಬಂದೆವು.

ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದೆವು. ಇವರು ಮನೆಯಲ್ಲೇ ಟ್ಯೂಷನ್ ಹಚ್ಚಿದರು. ಪಕ್ಕದ ಮನೆಯಲ್ಲಿ ಕೊಕ್ಕನೂರಿನ ಒಕ್ಕಲುತನದ ಮನೆಯಿಂದ ಬಂದ ಒಬ್ಬ ಹೆಣ್ಣುಮಗಳಿದ್ದರು. ಗಂಡ ಆಫೀಸಿಗೆ ಹೋದ ಮೇಲೆ ಸೊಪ್ಪಿನ ಕಟ್ಟು ತಂದು ನಮ್ಮ ಪಡಸಾಲೆಯಲ್ಲೇ ಸೋಸುತ್ತಾ ಕೂರುವರು. "ಆ ಸೀಮಿ ಜನ ಹೆಂಗದಾರ್ರಿ?" ಅಂತ ಕೇಳಿದಾಗ ಅವರಿಗೆ ನಾನು ಹೇಳಿದ್ದು ಗುಡಿಸಲಿನ ಕಥೆ. ದನ, ಹಾಲು, ನನ್ನನ್ನು ತೊಳೆದ ಹೆಂಗಸು. ಅವರು ಕಣ್ಣು ಒರೆಸಿಕೊಂಡರು. ಮುದುಕಿಯ ಸುದ್ದಿಯನ್ನು ನಾನು ಎತ್ತಲಿಲ್ಲ. ಸೂರಾ ಓದಿದೆ, ಕೈಗೆ ಮುತ್ತಿಟ್ಟರು ಅಂದರೆ, ನಿಮ್ಮವರು ನಿಮ್ಮವರನ್ನು ನೋಡಿಕೊಂಡರು ಬಿಡ್ರಿ ಅಂದುಬಿಟ್ಟಾರು ಅಂತ ಅಂಜಿದೆ.

ತವರಿಗೆ ಹೋದಾಗ ಹೇಳಿದ್ದು ಇನ್ನೊಂದು. ಅಲ್ಲಿ ಬರೀ ಮುದುಕಿ, ಬುತ್ತಿ, ಮುತ್ತು. ಗುಡಿಸಲು ಇಲ್ಲ. ಬೂದಿ ಬಳಿದುಕೊಂಡವರ ಮನೆಯಲ್ಲಿ ಬೆತ್ತಲೆ ಮಲಗಿದ್ದೆ ಅಂತ ಯಾರ ಮುಂದೆ ಹೇಳಲಿ? ಮಗು ಆಸ್ಪತ್ರೆಯಲ್ಲಿ ಹೋಯಿತು ಅಂದೆ. ಹೀಗೆ ಹೇಳಬೇಕು ಅಂತ ಲೆಕ್ಕ ಹಾಕಿದ್ದಲ್ಲ. ಉರ್ದುವಿಗೆ ತಿರುಗಿದ ಕೂಡಲೇ ಬಾಯಿ ತಾನೇ ಆ ದಾರಿ ಹಿಡಿಯುತ್ತಿತ್ತು.

ನನ್ನ ತಂಗಿಯನ್ನು ಹರಿಹರಕ್ಕೆ ಕೊಟ್ಟಿದ್ದೆವು. ಅವಳ ಮಗುವಿಗೆ ಹೆಸರಿಡುವ ದಿನ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋದೆ. ಊಟ ಮುಗಿದು ಹೆಂಗಸರು ಒಳಮನೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆವು. ತಂಗಿಯ ಅತ್ತೆ, ಬಂದವರ ಸಲುವಾಗಿ ಕನ್ನಡದಲ್ಲೇ, "ನಮ್ ಸೊಸಿ ಅಕ್ಕ ಅರಬ್ಬಿ ಹೆಂಗಸ್ರಿಗೇ ಕುರಾನ್ ಓದಿ ಕೇಳ್ಸ್ಯಾಳ. ಅವ್ರು ಕೈಗೆ ಮುತ್ತು ಕೊಟ್ರಂತ. ಹೇಳವ್ವ, ಇವ್ರಿಗೂ ಹೇಳು" ಅಂದರು.

ಪಕ್ಕದ ಮನೆಯವರು ನನ್ನ ಕಡೆ ತಿರುಗಿದರು. "ಅದನ್ನ ನನಗೆ ಹೇಳೇ ಇಲ್ವಲ್ರಿ. ನನಗೆ ಹೇಳಿದ್ದು ಆ ಗುಡಿಸ್ಲಾಗ ನಿಮ್ಮನ್ನ ತೊಳೆದ್ಲಲ್ಲ, ಆಕಿ ಸುದ್ದಿ."

"ಯಾವ ಗುಡಿಸಲು?" ಅಂದರು ತಂಗಿಯ ಅತ್ತೆ.

ತಂಗಿ ತೊಟ್ಟಿಲು ತೂಗುವುದು ನಿಲ್ಲಿಸಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನೆಲ ನೋಡಿಕೊಂಡೇ ಹೇಳಿದೆ. ಮುದುಕಿಯದನ್ನೂ, ಗುಡಿಸಲಿನದನ್ನೂ, ನಡುವೆ ನನ್ನ ಗಂಡ ಆಡಿದ ಮಾತನ್ನೂ. ಮಗು ಎಲ್ಲಿ ಹೋಯಿತು ಎಂಬುದನ್ನೂ. ತಂಗಿಯ ಅತ್ತೆ ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದರು. "ಆ ಮುದುಕಿ ಮನಿಗೆ ಒಂದ್ಸಲ ಹೋಗಿ ಬರಬೇಕಾಗಿತ್ತು ನೀವು" ಅಂದರು. ತಂಗಿ ಬಂದು ನನ್ನ ಪಕ್ಕದಲ್ಲಿ ಕೂತಳು.

ಸಂಜೆ ಬಸ್ಸಿನಲ್ಲಿ ಪಕ್ಕದ ಮನೆಯವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರ ಬಂದ ಮೇಲೆ ಕೇಳಿದರು:

"ನನಗ್ಯಾಕ ಅರ್ಧ ಹೇಳಿದ್ರಿ?"

"ನೀವು ಏನು ಅಂದ್ಕೊಂತೀರೋ ಅಂತ."

"ಏನ್ ಅಂದ್ಕೊಂಬೇಕಿತ್ತು ನಾನು?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. "ದಿನಾ ನಿಮ್ಮನಿಯಾಗ ಕುಂದರ್ತೀನಿ. ನಾನು ಇಂಥಾಕಿ ಅಂತ ನೀವೇ ಮೊದ್ಲು ಬರ್ಕಂಡು ಇಟ್ಟಿದ್ರಿ ಅಂದಂಗಾತು" ಅಂದರು. ದನಿ ಏರಿಸಲಿಲ್ಲ. ಇಳಿಯುವಾಗ ನನ್ನ ಚೀಲ ಹಿಡಿದುಕೊಂಡರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನ ನಾನೇ ಅವರ ಮನೆಗೆ ಹೋದೆ. "ಬರ್ರಿ, ಕೂಡ್ರಿ" ಅಂದರು. ಚಹಾ ಕೊಟ್ಟರು, ಊರಿನ ಭತ್ತದ ಸುದ್ದಿ ಹೇಳಿದರು. ಮತ್ತೆ ನಮ್ಮ ಮನೆಗೂ ಬರತೊಡಗಿದರು. ವಿದ್ಯಾನಗರ ಬಿಟ್ಟು ಬರುವ ತನಕ ನಮ್ಮ ನಡುವೆ ಕೊಡುವುದು ಕೊಳ್ಳುವುದು ನಡೆದೇ ಇತ್ತು. ಆದರೆ ಅವರ ಮನೆಯ ಸುದ್ದಿ ಹೇಳುವಾಗ ಒಮ್ಮೊಮ್ಮೆ ನಡುವೆ ತಡೆದು, ನನ್ನ ಮುಖ ನೋಡಿ, ಮಾತನ್ನು ಬೇರೆ ಕಡೆ ಹೊರಳಿಸಿಬಿಡುತ್ತಿದ್ದರು. ಯಾಕ್ರಿ ನಿಲ್ಲಿಸಿದ್ರಿ ಅಂತ ಕೇಳುವ ಮುಖ ನನಗಿರಲಿಲ್ಲ.