ಐದಡಿಯ ಅಡ್ಡಪಟ್ಟಿ

ಎಪ್ಪತ್ತರ ದಶಕದ ನಡುವಿನಲ್ಲಿ, ಮಳವಳ್ಳಿಯ ಒಂದು ಹೈಸ್ಕೂಲಿನ ಫುಟ್‌ಬಾಲ್ ತಂಡದಲ್ಲಿ ನಾನು ಬ್ಯಾಕ್ ಆಡುತ್ತಿದ್ದೆ. ಎರಡು ವರ್ಷ ಸಣ್ಣವರ ವಿಭಾಗದ ಶೀಲ್ಡು ನಮಗೇ ಬಂತು. ಮೂರನೆಯ ವರ್ಷ ನನ್ನಿಂದಾಗಿ ಅದು ಕೈತಪ್ಪಿತು. ಆಗ ಕ್ಷಮೆ ಕೇಳು ಎಂದರು, ನಾನು ಕೇಳಲಿಲ್ಲ. ಈಗಲೂ ಕೇಳುವ ಉದ್ದೇಶವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆ ಪಂದ್ಯಗಳಿಗೆ ವಯಸ್ಸಿನ ಮಿತಿ ಇರಲಿಲ್ಲ. ಇಟ್ಟರೂ ಪ್ರಯೋಜನವಾಗುತ್ತಿರಲಿಲ್ಲ. ನಮ್ಮಲ್ಲಿ ಅರ್ಧ ಜನರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅಂದಾಜಿನ ಮೇಲೆ ಬರೆದುಕೊಂಡಿದ್ದರು. ಹಾಗಾಗಿ ಎತ್ತರ ನೋಡುತ್ತಿದ್ದರು. ಎರಡು ಕಂಬ ನೆಟ್ಟು, ಸರಿಯಾಗಿ ಐದು ಅಡಿಗೆ ಒಂದು ಮರದ ಅಡ್ಡಪಟ್ಟಿ ಕಟ್ಟುತ್ತಿದ್ದರು. ಬರಿಗಾಲಲ್ಲಿ ಅದರ ಕೆಳಗೆ ನಿಲ್ಲಬೇಕು. ತಲೆ ಪಟ್ಟಿಗೆ ತಗುಲದವನು ಸಣ್ಣವರ ವಿಭಾಗಕ್ಕೆ, ತಗುಲಿದವನು ದೊಡ್ಡವರ ವಿಭಾಗಕ್ಕೆ.

ನಮ್ಮ ಡ್ರಿಲ್ ಮೇಷ್ಟ್ರು ಕೆಟ್ಟ ಮನುಷ್ಯರಲ್ಲ. ಬೆಳಗಿನ ಆರಕ್ಕೆ ಮೈದಾನದಲ್ಲಿರುತ್ತಿದ್ದರು. ಚೆಂಡಿನ ಬ್ಲಾಡರ್ ತೂತಾದರೆ ತಾವೇ ಕೂತು ಪ್ಯಾಚು ಹಾಕುತ್ತಿದ್ದರು. ಆದರೆ ಒಮ್ಮೆ ಗೆದ್ದ ತಂಡವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ನಾವು ಬೆಳೆಯುತ್ತ ಹೋದೆವು, ಅವರು ನಮ್ಮನ್ನು ಸಣ್ಣವರ ವಿಭಾಗದಲ್ಲೇ ಇಟ್ಟರು. ಚಡ್ಡಿಗಳನ್ನು ಮಂಡಿ ಮುಚ್ಚುವಷ್ಟು ಉದ್ದಕ್ಕೆ ಹೊಲಿಸಿದರು. ನಾವು ಅಡ್ಡಪಟ್ಟಿಯ ಕೆಳಗೆ ಹೋದಾಗ ಅವರು ಒಮ್ಮೆ ಕೆಮ್ಮುತ್ತಿದ್ದರು. ಆಗ ನಾವು ಚಡ್ಡಿಯೊಳಗೇ ಮಂಡಿ ಬಗ್ಗಿಸಬೇಕು. ಮೈದಾನದಲ್ಲಿ ಒದೆಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿತೆವು.

ಎರಡನೆಯ ವರ್ಷದ ಫೈನಲ್ ಮದ್ದೂರಿನಲ್ಲಿ, ಕಿರುಗಾವಲಿನ ಹುಡುಗರ ಮೇಲೆ. ಅವರ ಫಾರ್ವರ್ಡ್ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ನಾನು ಹೋಗಿ ಕಿತ್ತುಕೊಳ್ಳುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ ಅವನು ನನ್ನ ಮುಖ ನೋಡಿ ಕೇಳಿದ:

"ಒಂದ್ಸಲ ಬುಡಣ್ಣ. ಒಂದೇ ಸಲ ಒದ್ಬುಡ್ತೀನಿ."

ನಾನು ಬಿಡಲಿಲ್ಲ. ಅವನು ಬಿದ್ದ. ಎಬ್ಬಿಸಲು ಕೈ ಕೊಟ್ಟೆ. ಅವನು ಎದ್ದು, ಮಣ್ಣು ಕೊಡವಿಕೊಂಡು, ಬೇಸರವೇ ಇಲ್ಲದೆ ಹೇಳಿದ: "ಅಣ್ಣಾ, ನಿಂಗಾಗ್ಲೇ ಮೀಸೆ ಬತ್ತಾ ಐತಲ್ಲಣ್ಣ."

ಐದು ಗೋಲು ಹೊಡೆದು, ಒಂದೂ ಬಿಟ್ಟುಕೊಡದೆ ಗೆದ್ದೆವು. ಮಳವಳ್ಳಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಶೀಲ್ಡು ಸೀಟಿನಿಂದ ಸೀಟಿಗೆ ಸುತ್ತಿತು. ಪಕ್ಕದಲ್ಲಿ ನಮ್ಮ ಗೋಲ್‌ಕೀಪರ್ ಕೂತಿದ್ದ. ಪೂರಿಗಾಲಿಯ ರೈತರ ಮಗ, ತಂಡದ ಕ್ಯಾಪ್ಟನ್, ನನ್ನ ಗೆಳೆಯ.

"ಅವ್ನು ನನ್ನ ಅಣ್ಣ ಅಂದ ಕಣ್ಲಾ," ಎಂದೆ.

"ಅನ್ಲಿ ಬುಡ್ಲಾ. ಮರ್ವಾದೆ ಕೊಟ್ಟವ್ನೆ."

ಅವನಿಗೆ ಅದು ನಗೆಯ ಮಾತು. ನನಗೆ ಆಗಲಿಲ್ಲ. ಎದುರಾಳಿ ಲೇ ಅನ್ನಬೇಕು, ಬೈಯಬೇಕು, ಅಂಗಿ ಹಿಡಿದು ಎಳೆಯಬೇಕು. ಅಣ್ಣ ಎಂದು ಬೇಡುವವನ ಮೇಲೆ ಗೆದ್ದದ್ದನ್ನು ಗೆಲುವೆಂದು ಬರೆದುಕೊಳ್ಳಲು ನಾನು ಅಂದೂ ತಯಾರಿರಲಿಲ್ಲ.

ಮೂರನೆಯ ವರ್ಷ ಮಂಡಿ ಬಗ್ಗಿಸಿದರೂ ಸಾಲದಾಯಿತು. ಆಗೆಲ್ಲ ಕಿವಿ ಮುಚ್ಚುವ ಹಾಗೆ ಕೂದಲು ಬಿಡುವ ಕಾಲ. ನಮ್ಮದೂ ಹಾಗೇ ಇತ್ತು. ಮಂಡ್ಯದ ಪಂದ್ಯಕ್ಕೆ ಎರಡು ದಿನ ಇರುವಾಗ ಮೇಷ್ಟ್ರು ಎತ್ತರದ ನಾಲ್ವರನ್ನು ಕರೆದು, "ಕೂದ್ಲೇ ಅರ್ಧ ಇಂಚು ಐತೆ ಕಣ್ರೋ," ಎಂದು ಕ್ಷೌರದಂಗಡಿಗೆ ಕರೆದುಕೊಂಡು ಹೋದರು. ನಾಲ್ವರದೂ ನುಣ್ಣಗೆ ಬೋಳಾಯಿತು.

ಇದರಲ್ಲಿ ಮೇಷ್ಟ್ರೂ ನಾವೂ ಒಂದನ್ನು ಮರೆತಿದ್ದೆವು. ಅವ್ವ ಬಾಗಿಲಲ್ಲೇ ತಡೆದಳು.

"ಯಾವ ದೇವ್ರಿಗೆ ಹರಕೆ ಹೊತ್ತಿದ್ದೆ?"

"ಯಾವ್ದಕ್ಕೂ ಇಲ್ಲ ಕಣವ್ವ. ಫುಟ್‌ಬಾಲಿಗೆ."

"ಅಪ್ಪ ಗಟ್ಟಿಮುಟ್ಟಾಗಿ ಕೂತಿರೋವಾಗ ಸುಮ್ಸುಮ್ನೆ ತಲೆ ಬೋಳಿಸ್ಕೊಂಡು ಬಂದವ್ನೆ! ಬಾಯಿ ಬಿಟ್ಟು ಏನಂತ ಹೇಳ್ಲಿ ನಾನು?" ಎಂದು ಅಳತೊಡಗಿದಳು. ಒಳಗೆ ಬಿಡದೆ, ಅಂಗಳದಲ್ಲೇ ನಾಲ್ಕು ಕೊಡ ತಣ್ಣೀರು ಸುರಿದಳು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕೂಗಾಡುವವರಲ್ಲ. ಊಟಕ್ಕೆ ಕೂತಾಗ ಕಾರಣ ಕೇಳಿದರು, ಹೇಳಿದೆ. ಮಂಡಿ ಬಗ್ಗಿಸುವುದನ್ನೂ ಹೇಳಿದೆ. ಮುದ್ದೆ ಮುರಿಯುತ್ತಾ ಅವರು ಕೇಳಿದ್ದು ಇಷ್ಟೇ: "ಎತ್ತರ ಕಮ್ಮಿ ಮಾಡ್ಕೊಳ್ಳೋಕೆ ಈ ವರ್ಷ ಕೂದಲು ತೆಗೆಸ್ದೆ. ಬರೋ ವರ್ಷ ಏನ್ ತೆಗೆಸ್ತೀಯ?"

ಮಂಡ್ಯದ ಮೈದಾನಕ್ಕೆ ಸಕ್ಕರೆ ಕಾರ್ಖಾನೆಯ ವಾಸನೆ ಬರುತ್ತಿತ್ತು. ಅಡ್ಡಪಟ್ಟಿಯ ಪಕ್ಕ ಒಬ್ಬ ವಯಸ್ಸಾದ ಮೇಷ್ಟ್ರು ಕುರ್ಚಿ ಹಾಕಿಕೊಂಡು ಹೆಸರು ಓದುತ್ತಿದ್ದರು, ತಲೆ ಎತ್ತಿ ನೋಡುತ್ತಿರಲಿಲ್ಲ. ಮೊದಲು ಗೋಲ್‌ಕೀಪರ್ ನಿಂತ. ಕೆಮ್ಮು ಕೇಳಿತು, ಪಾಸಾದ. ಆಮೇಲೆ ನಾನು. ನಮ್ಮ ಮೇಷ್ಟ್ರು ಕೆಮ್ಮಿದರು. ತಲೆ ತಗ್ಗಿಸಿ ಪಟ್ಟಿಯ ಕೆಳಗೆ ಹೋದವನು ಮಂಡಿ ಬಗ್ಗಿಸಲಿಲ್ಲ. ಮತ್ತೆ ಕೆಮ್ಮಿದರು, ಈ ಸಲ ಜೋರಾಗಿ. ಹಿಮ್ಮಡಿ ನೆಲಕ್ಕೆ ಊರಿ, ಬೆನ್ನು, ಕುತ್ತಿಗೆ ನೆಟ್ಟಗೆ ಮಾಡಿದೆ. ಪಟ್ಟಿ ನನ್ನ ಬೋಳು ತಲೆಗೆ ಟಕ್ಕೆಂದು ಬಡಿಯಿತು. ಎಲ್ಲರಿಗೂ ಕೇಳಿಸುವ ಹಾಗೆ.

ವಯಸ್ಸಾದ ಮೇಷ್ಟ್ರು ತಲೆ ಎತ್ತಿದರು. ನನ್ನನ್ನು ನೋಡಿದರು, ಸಾಲಿನಲ್ಲಿದ್ದ ಉಳಿದ ಬೋಳು ತಲೆಗಳನ್ನು ನೋಡಿದರು, ಎದ್ದು ನಿಂತರು.

"ಎಲ್ಲಾರೂ ಇನ್ನೊಂದ್ಸಲ ಬರ್ರೋ. ಚಡ್ಡಿ ಮೇಲಕ್ಕೆ ಎತ್ಕೊಂಡು ನಿಂತ್ಕೊಳಿ."

ನಾನೂ ಸೇರಿ ಎಂಟು ಜನ ಔಟಾದೆವು. ಉಳಿದವರಲ್ಲಿ ತಂಡವಾಗುವಷ್ಟು ಮಂದಿ ಇರಲಿಲ್ಲ.

ನನ್ನ ತೀರ್ಮಾನ ನನ್ನೊಬ್ಬನದು, ಪೆಟ್ಟು ಎಲ್ಲರಿಗೂ ಬಿತ್ತು. ಇದನ್ನು ಮುಚ್ಚಿಡುವುದಿಲ್ಲ. ಗೋಲ್‌ಕೀಪರ್ ನನ್ನ ಕುತ್ತಿಗೆಪಟ್ಟಿ ಹಿಡಿದ. "ಸುಮ್ನೆ ಬಗ್ಗಾಕೆ ಏನಾಗಿತ್ಲಾ ನಿಂಗೆ ದೊಡ್‌ರೋಗ? ಎರಡ್ ಗಳಿಗೆ ಬಗ್ಗಿದ್ರೆ ಸೊಂಟ ಮುರಿತಿತ್ತಾ?"

"ನಂಗ್ ಬಗ್ಗಾಕಾಗಲ್ಲ ಕಣ್ಲಾ. ನಿಂಗಾದ್ರೆ ಜೀವಮಾನ ಎಲ್ಲಾ ಬಗ್ಗು."

ನಮ್ಮ ಜಗಳ ನೋಡುತ್ತಿದ್ದ ಆ ವಯಸ್ಸಾದ ಮೇಷ್ಟ್ರು, ದೊಡ್ಡವರ ವಿಭಾಗಕ್ಕೆ ಒಂದು ತಂಡ ಬಂದಿಲ್ಲ, ಬೇಕಾದರೆ ಆ ಜಾಗದಲ್ಲಿ ಆಡಬಹುದು ಎಂದರು. ನಮ್ಮ ಮೇಷ್ಟ್ರು ಒಪ್ಪಲಿಲ್ಲ. "ಕಾಲು ಮುರ್ಕೊಂಡು ಬರ್ತೀರಾ. ನಾನಂತೂ ನೋಡಕ್ಕೆ ನಿಲ್ಲಲ್ಲ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಗೋಲ್‌ಕೀಪರ್ ಅವರು ಹೋದ ದಾರಿ ನೋಡಿದ, ನನ್ನನ್ನು ನೋಡಿದ, ನೆಲಕ್ಕೆ ಉಗಿದ.

"ಬಸ್ಸತ್ತಿ ಬಂದಾಗದೆ. ಆಡ್ದೆ ಓಗೋದಾ? ಬರ್ರಲಾ."

ಎದುರಿಗಿದ್ದವರು ಶಿವನಸಮುದ್ರದ ಕರೆಂಟು ತಯಾರಿಸುವ ಕೇಂದ್ರದ ಕಾಲೋನಿಯ ಹುಡುಗರು. ನಮ್ಮದು ಬರಿಗಾಲು, ಅವರ ಕಾಲಲ್ಲಿ ಬೂಟು. ಅವರ ಫಾರ್ವರ್ಡ್ ನನಗಿಂತ ಒಂದು ಗೇಣು ಎತ್ತರ. ಮೊದಲರ್ಧದಲ್ಲಿ ನಾಲ್ಕು ಗೋಲು ತಿಂದೆವು. ಪ್ರತಿ ಸಲವೂ ಅವನು ನನ್ನ ಪಕ್ಕದಲ್ಲಿ ಚೆಂಡು ದಾಟಿಸುತ್ತಾ, "ಆ ಕಡೆ ಬಾ ಮರಿ, ಏಟು ಬಿದ್ದೀತು," ಎನ್ನುತ್ತಿದ್ದ. ಅಣ್ಣನಾಗಿದ್ದವನು ಒಂದೇ ವರ್ಷದಲ್ಲಿ ಮರಿಯಾಗಿದ್ದೆ. ಅದೂ ಬೇಕಿರಲಿಲ್ಲ.

ದ್ವಿತೀಯಾರ್ಧದಲ್ಲಿ ಅವನು ಎಡಗಡೆ ನೋಡಿ ಬಲಗಡೆ ತಿರುಗುತ್ತಾನೆ ಎಂಬುದನ್ನು ಗುರುತಿಸಿದೆ. ಬಲಕ್ಕೆ ಕಾಯ್ದು ನಿಂತೆ. ಚೆಂಡಿಗೆ ಸರಿಯಾಗಿ ಕಾಲು ಹಾಕಿದೆ. ಅವನ ಬೂಟು ನನ್ನ ಮೊಣಕಾಲ ಕೆಳಗೆ ಗೀರಿತು, ಅವನೂ ಉರುಳಿದ. ಚೆಂಡು ನನ್ನ ಹತ್ತಿರವೇ ಉಳಿಯಿತು. ಅವನು ಎದ್ದು ಅರಚಿದ:

"ಲೇ ಬೋಳ! ಕಣ್ ಕಾಣಲ್ವೇನ್ಲಾ ನಿಂಗೆ?"

"ಚೆಂಡ್ ಕಾಣ್ತದೆ ಕಣ್ಲಾ!" ಎಂದೆ.

ಹಿಂದಿನಿಂದ ಗೋಲ್‌ಕೀಪರ್ ನಗುವುದು ಕೇಳಿತು. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು. ದ್ವಿತೀಯಾರ್ಧದಲ್ಲಿ ನಮ್ಮ ಮೇಲೆ ಬಿದ್ದದ್ದು ಒಂದೇ ಗೋಲು. ಐದು–ಸೊನ್ನೆ. ಹಿಂದಿನ ವರ್ಷ ನಾವು ಗೆದ್ದ ಲೆಕ್ಕಕ್ಕೇ ಈ ವರ್ಷ ಸೋತಿದ್ದೆವು. ಇದರಲ್ಲಿ ನಾನು ಯಾವ ಪಾಠವನ್ನೂ ಹುಡುಕುವುದಿಲ್ಲ, ಅಂಕಿ ಹಾಗಿತ್ತು, ಅಷ್ಟೇ.

ಶೀಲ್ಡು ಹೆಡ್‌ಮೇಷ್ಟ್ರ ಕೋಣೆಯ ಗೋಡೆಯಿಂದ ಇಳಿಯಿತು. ಸೋಮವಾರ ಡ್ರಿಲ್ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆಸಿ, ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟರು.

"ತಪ್ಪಾಯ್ತು ಅಂತ ಬರ್ದು ಸೈನ್ ಮಾಡು. ಟೀಮಲ್ಲಿ ಇರ್ತೀಯ. ಇಲ್ದಿದ್ರೆ ಈ ಶಾಲೇಲಿ ನೀನು ಚೆಂಡು ಮುಟ್ಟಂಗಿಲ್ಲ."

"ಏನ್ ತಪ್ಪು ಅಂತ ಬರೀಲಿ ಸಾ?"

"ಅದು ನಿಂಗೇ ಗೊತ್ತು."

ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ಒಂದೇ ಸಾಲು ಬರೆದೆ: ನನ್ನ ಎತ್ತರ ಐದು ಅಡಿ ಒಂದೂವರೆ ಇಂಚು. ಕೆಳಗೆ ಸಹಿ ಹಾಕಿದೆ. ಅವರು ಓದಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, "ಓಗು," ಎಂದರು. ಶಾಲೆಯ ತಂಡಕ್ಕೆ ನಾನು ಮತ್ತೆಂದೂ ಆಡಲಿಲ್ಲ.

ಆದರೆ ಆಡುವುದನ್ನು ನಿಲ್ಲಿಸಲಿಲ್ಲ. ಪಟ್ಟಿ ಮುಟ್ಟಿದ ನಾವು ಎಂಟು ಜನ, ಸಿಕ್ಕಿದ ಇನ್ನು ಮೂವರನ್ನು ಸೇರಿಸಿಕೊಂಡು, ಭಾನುವಾರದ ಬೆಳಗಿನ ಬಸ್ಸಿಗೆ ಶಿವನಸಮುದ್ರಕ್ಕೆ ಹೋಗತೊಡಗಿದೆವು. ಆ ಕಾಲೋನಿಯ ಮೈದಾನದಲ್ಲಿ ಎತ್ತರ ಅಳೆಯುವ ಕಂಬ ಯಾರೂ ನೆಟ್ಟಿರಲಿಲ್ಲ. ಮೊದಲ ಭಾನುವಾರ ಬಸ್ಸಿನಿಂದ ಇಳಿದಾಗ ಆ ಉದ್ದನೆಯ ಫಾರ್ವರ್ಡ್ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಕೂತಿದ್ದ. ನನ್ನ ತಲೆಯ ಮೇಲೆ ಆಗ ತಾನೇ ಚಿಗುರುತ್ತಿದ್ದ ಕೂದಲನ್ನು ನೋಡಿ ನಕ್ಕ.

"ಬಂದ್ಯೇನ್ಲಾ ಬೋಳ? ಇವತ್ತೆಷ್ಟು ಗೋಲು ಬೇಕ್ಲಾ ನಿಂಗೆ?"

"ಒಂದ್ ಒಡಿ ನೋಡಣ ಕಣ್ಲಾ," ಎಂದು ಮೈದಾನಕ್ಕೆ ಇಳಿದೆ.