ಖೋ ಬೀಳುವ ತನಕ ಏಳಬಾರದು

"ಸುಜೀ, ನಮ್ಮ ಕಥಿ ಟೀವ್ಯಾಗ ಬರ್ಲತ್ತದ. ನೋಡಿದೇನು?"

ಭಾಲ್ಕಿಯಿಂದ ಮಂಗಲಾ ಫೋನ್ ಮಾಡಿ ಹೀಗೆ ಕೇಳಿದಾಗ ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಮಗಳು ಫೋನನ್ನು ನನ್ನ ಕಿವಿಗೆ ಹಿಡಿದಿದ್ದಳು. (ಹಿಡಿದಿದ್ದಳು ನಿಜ, ಮುಖ ಮಾತ್ರ ಆ ಕಡೆ. ಯಾಕೆಂದು ಮುಂದೆ ಹೇಳುತ್ತೇನೆ.)

"ನಮ್ಮದೇನು ಕಥಿ ಅದ ಅಂತ ತೋರಸ್ತಾರ?" ಎಂದೆ.

"ನೀ ಮದ್ಲ ನೋಡು, ಆಮ್ಯಾಲ ಮಾತಾಡು" ಎಂದು ಇಟ್ಟೇಬಿಟ್ಟಳು.

ಮಂಗಲಾ ಭಾಲ್ಕಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಖೋ ಖೋ ಆಡಿದವಳು. ಈಗ ಅಲ್ಲೇ ಟೀಚರ್. ಟೀಚರ್ ಹೇಳಿದ ಮೇಲೆ ಹೋಮ್‌ವರ್ಕ್ ಮಾಡಬೇಕಲ್ಲ? ಅಂದು ಸಂಜೆಯೇ, ಅವಳು ಮೆಸೇಜಿನಲ್ಲಿ ಹೆಸರು ಕಳಿಸಿದ ಸೀರಿಯಲ್ ಹಾಕಿಕೊಂಡು ಟೀವಿ ಮುಂದೆ ಕೂತೆ.

ಹುಡುಗಿಯರ ಫುಟ್‌ಬಾಲ್ ಟೀಮು. ಪಂದ್ಯಕ್ಕೆಂದು ಹೊರಟ ವಿಮಾನ ಕಾಡಿನಲ್ಲಿ ಬೀಳುತ್ತದೆ. ಹುಡುಕಿಕೊಂಡು ಯಾರೂ ಬರುವುದಿಲ್ಲ. ಚಳಿ, ಹಸಿವು, ಒಬ್ಬರ ಮೇಲೊಬ್ಬರಿಗೆ ಅನುಮಾನ. ಆಮೇಲೆ ತಿನ್ನಬಾರದ್ದನ್ನೂ ತಿನ್ನುತ್ತಾರೆ. (ಏನೆಂದು ಬರೆಯುವುದಿಲ್ಲ, ನೀವು ನಾಷ್ಟಾ ಮಾಡುತ್ತಾ ಓದುತ್ತಿರಬಹುದು.) ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಬದುಕಿ ಬಂದವರು ಈಗ ದೊಡ್ಡವರಾಗಿದ್ದಾರೆ. ಗಂಡ, ಮಕ್ಕಳು, ಕಾರು, ಅಡುಗೆಮನೆ ಎಲ್ಲ ಇದೆ. ಆದರೂ ಯಾರೊಬ್ಬರೂ ಆ ಕಾಡಿನಿಂದ ಪೂರ್ತಿ ಹೊರಗೆ ಬಂದಿಲ್ಲ.

ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದೆ. ಬಂದು ಕೂತೆ. ಉಗುರು ಕಚ್ಚಿದೆ. ಮತ್ತೆ ಎದ್ದೆ. ಇದು ನಮ್ಮ ಕಥೆ ಹೇಗಾಗುತ್ತದೆ? ನಮಗೆ ವಿಮಾನ ಎಲ್ಲಿಂದ ಬರಬೇಕು? ನಮ್ಮದು ಟೆಂಪೋ. ಕಾಡೂ ಅಲ್ಲ, ಔರಾದ್‌ನಿಂದ ಭಾಲ್ಕಿಗೆ ಬರುವ ದಾರಿ. ತಿಂದದ್ದು ಒಂದು ಚೀಲ ಚೂಡಾ, ಅದೇ ಒಗ್ಗರಣೆ ಅವಲಕ್ಕಿ. ಹಾಗಿದ್ದರೆ ನಾನು ಯಾಕೆ ಹೀಗೆ ಎದ್ದೆದ್ದು ಕೂರುತ್ತಿದ್ದೇನೆ?

ಹೇಳುತ್ತೇನೆ, ಕೇಳಿ.

ಆಗ ನಾವು ಒಂಬತ್ತನೇ ಕ್ಲಾಸು. ಔರಾದ್‌ನಲ್ಲಿ ಮ್ಯಾಚ್ ಸೋತು ವಾಪಸ್ ಹೊರಟಿದ್ದೆವು. ಖೋ ಖೋ ಆಡದವರಿಗೆ ಎರಡು ಮಾತು: ಅಟ್ಟಿಸಿಕೊಂಡು ಹೋಗುವ ಟೀಮಿನವರು ಸಾಲಾಗಿ, ಒಬ್ಬಳು ಈ ಕಡೆ ಒಬ್ಬಳು ಆ ಕಡೆ ಮುಖ ಮಾಡಿ ಕೂರುತ್ತಾರೆ. ಓಡುವವಳು ಒಬ್ಬಳೇ. ಅವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಅಂದರೆ ಮಾತ್ರ ಕೂತವಳು ಏಳಬೇಕು. ಖೋ ಕೊಟ್ಟವಳು ಅದೇ ಜಾಗದಲ್ಲಿ ಕೂರಬೇಕು. ಆ ದಿನ ಕೊನೆ ಗಳಿಗೆಯಲ್ಲಿ ನಾನು ಖೋ ಬೀಳುವ ಮೊದಲೇ ಎದ್ದುಬಿಟ್ಟೆ. ಫೌಲ್. ಪಿ.ಟಿ. ಸರ್ ಟೆಂಪೋ ಹತ್ತುವ ತನಕ ಬೈದರು. "ಇನ್ನೊಮ್ಮಿ ಖೋ ಬೀಳೋ ಮದ್ಲ ಎದ್ದಿ ಅಂದ್ರ ಕಾಲು ಮುರೀತೀನಿ ನೋಡು!"

ದಾರಿಯಲ್ಲಿ ಮಳೆ ಹಿಡಿಯಿತು. ಒಂದು ಹಳ್ಳ ಹೇಗೋ ದಾಟಿದೆವು, ಮುಂದಿನದು ತುಂಬಿ ಹರಿಯುತ್ತಿತ್ತು. ತಿರುಗಿ ಹೋಗೋಣವೆಂದರೆ ಅಷ್ಟರಲ್ಲಿ ಹಿಂದಿನದೂ ತುಂಬಿತು. ಎರಡು ನೀರಿನ ನಡುವೆ ಒಂದು ತುಂಡು ರಸ್ತೆ, ಅದರ ಮೇಲೆ ನಾವು. ಟೆಂಪೋ ಎರೆ ಮಣ್ಣಿಗೆ ಸಿಕ್ಕಿ ಒಂದು ಕಡೆ ವಾಲಿತು. ಎಲ್ಲರನ್ನೂ ಇಳಿಸಿದರು. ಆಚೆ ದಡದಲ್ಲಿದ್ದ ರೈತನಿಗೆ ಸರ್ ಕೂಗಿ ಹೇಳಿದರು, ಆತ ಟ್ರ್ಯಾಕ್ಟರ್ ತರಲು ಹೋದ. ಮೊಬೈಲ್ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಕಾಯುತ್ತಿದ್ದಾಗ ಒಬ್ಬ ಹುಡುಗಿ ನೀರು ನೋಡಲು ಹೋಗಿ ಜಾರಿದಳು. ಹೇಗೋ ಎಳೆದುಕೊಂಡೆವು. ಸರ್ ಹೆದರಿದರು. ಹೆದರಿದ ಪಿ.ಟಿ. ಸರ್ ಏನು ಮಾಡುತ್ತಾರೆ? ಸಾಲು ಮಾಡಿಸುತ್ತಾರೆ. ಸುರಿಯುವ ಮಳೆಯಲ್ಲಿ, ನಡುರಸ್ತೆಯಲ್ಲಿ ಖೋ ಖೋ ಸಾಲು! ಕ್ಯಾಪ್ಟನ್ ಶಾಹಿದಾ ಒಬ್ಬಳೇ ಓಡಾಡುತ್ತಾ ನೀರಿನ ಮೇಲೆ ಕಣ್ಣಿಡಬೇಕು. "ಶಾಹಿದಾ ಬೆನ್ನಿಗಿ ಖೋ ಕೊಡೋತನಕ ಯಾರೂ ಏಳಂಗಿಲ್ಲ" ಎಂದರು ಸರ್. ನಾನು ಸಾಲಿನ ಕೊನೆಯವಳು. ಗೋಣಿಚೀಲ ಹೊದ್ದು ಕೂತೆ.

ಸಂಜೆ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಶಾಹಿದಾ "ಖೋ, ಖೋ" ಎಂದು ಬೆನ್ನು ತಟ್ಟುತ್ತಾ ಓಡಿಬರುವುದು ಕೇಳಿಸಿತು. ಈಗ ಬರುತ್ತಾಳೆ, ಈಗ ತಟ್ಟುತ್ತಾಳೆ ಎಂದು ಮೊಣಕಾಲಿಗೆ ತಲೆ ಒತ್ತಿಕೊಂಡೇ ಕಾದೆ. ಟ್ರ್ಯಾಕ್ಟರಿನ ಸದ್ದು ದೂರವಾಯಿತು. ನಾನು ಏಳಲಿಲ್ಲ.

ನಗಬೇಡಿ. ಬೆಳಗ್ಗೆಯಷ್ಟೇ ಮೊದಲೇ ಎದ್ದು ಟೀಮನ್ನು ಸೋಲಿಸಿದವಳು ನಾನು. ಬೆನ್ನಿಗೆ ಖೋ ಬಿದ್ದಿರಲಿಲ್ಲ, ಹೇಗೆ ಏಳಲಿ? ಕೊನೆಗೂ ತಾಳಲಾರದೆ ತಿರುಗಿ ನೋಡಿದರೆ ಎಲ್ಲರೂ ಆಚೆ ದಡದಲ್ಲಿದ್ದರು. ಕೂಗಿದೆ. ನೀರಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಆ ರೈತನ ಊರು ಮುಟ್ಟಿದ ಮೇಲೆ ನಾನಿಲ್ಲದ್ದು ಗೊತ್ತಾಗಿ ಟ್ರ್ಯಾಕ್ಟರ್ ವಾಪಸ್ ಬಂತು. ಅಷ್ಟರಲ್ಲಿ ಕತ್ತಲಾಗಿತ್ತು.

ನಿಜವಾದ ಕಾಡು ಶುರುವಾದದ್ದು ಆಮೇಲೆ. ನಮ್ಮೂರು ಹಲಬರ್ಗಾ. "ಎಲ್ಲಾರೂ ಬಂದ್ರು, ಇಕಿ ಒಬ್ಬಾಕಿ ಯಾಕ ಹಿಂದ ಉಳದ್ಳು?" ಎಂದು ಓಣಿಯಲ್ಲಿ ಮಾತೆದ್ದಿತು. ಉತ್ತರ ಯಾರಿಗೂ ಬೇಕಾಗಿರಲಿಲ್ಲ, ಪ್ರಶ್ನೆಯೇ ರುಚಿಯಾಗಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಆಟ ಸಾಕವ್ವ" ಎಂದರು, ಅಷ್ಟೇ. ನನ್ನ ಖೋ ಖೋ ಅಲ್ಲಿಗೆ ಮುಗಿಯಿತು. (ಆ ಹಳ್ಳ ತುಂಬದಿದ್ದರೆ ನಿಮಗೆ ಈ ಅಂಕಣ ಓದುವ ಕಷ್ಟ ತಪ್ಪುತ್ತಿತ್ತು.)

ಶಾಹಿದಾ ಈಗ ಬೀದರಿನಲ್ಲೇ ಇದ್ದಾಳೆ. ಹಳೇ ಊರಿನಲ್ಲಿ ಅವಳದು ಹೊಲಿಗೆ ಅಂಗಡಿ, ಒಳ್ಳೆಯ ಹೆಸರು. ನಾನಿರುವುದೂ ಬೀದರಿನಲ್ಲೇ, ಮೈಲೂರು ಬಡಾವಣೆಯಲ್ಲಿ. ಆದರೆ ಬ್ಲೌಸ್ ಹೊಲಿಸಲು ಅವಳ ಓಣಿ ತಪ್ಪಿಸಿ ಇನ್ನೊಂದು ಓಣಿಗೆ ಹೋಗುತ್ತೇನೆ. ಎದುರಿಗೆ ಸಿಕ್ಕರೆ "ಆರಾಮಾ?" ಎನ್ನುತ್ತೇನೆ. ಒಳಗೆ ಕುದಿಯುತ್ತೇನೆ. ಎಲ್ಲರ ಬೆನ್ನು ಕಂಡವಳಿಗೆ ನನ್ನ ಬೆನ್ನೊಂದು ಕಾಣಲಿಲ್ಲವೇ?

ಇನ್ನು ಮಗಳ ಮುಖ ಯಾಕೆ ಆ ಕಡೆ ಎಂಬ ವಿಷಯ. ಪ್ರಜ್ಞಾ ಕೂಡ ಈಗ ಒಂಬತ್ತನೇ ಕ್ಲಾಸು. ಖೋ ಖೋ ಟೀಮಿಗೆ ಸೆಲೆಕ್ಟ್ ಆಗಿದ್ದಾಳೆ. ಮ್ಯಾಚ್ ಎಲ್ಲಿ? ಔರಾದ್‌ನಲ್ಲೇ! ಬೇರೆ ಊರುಗಳಿಗೇನು ಬರ ಬಂದಿತ್ತೇ? ಕಳಿಸುವುದಿಲ್ಲ ಎಂದೆ.

"ಯಾಕ ಮಮ್ಮಿ?"

"ಮಳಿಗಾಲ ಅದ."

"ಎಲ್ಲಾ ಹಳ್ಳಕ್ಕೂ ಬ್ರಿಜ್ ಆಗ್ಯಾವ ಮಮ್ಮಿ. ಎಲ್ಲಾರ ಕೈಯಾಗೂ ಫೋನ್ ಅದ. ಖರೇ ಹೇಳು, ಯಾಕ?"

ಖರೇ ಹೇಳಲಿಲ್ಲ. ಅಂದಿನಿಂದ ಅವಳು ಶಾಲೆಯಿಂದ ಬಂದವಳೇ ಹೊರಬಾಗಿಲ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂರತೊಡಗಿದಳು. ಜಗಳವಿಲ್ಲ, ಅಳುವಿಲ್ಲ. ನನ್ನ ಕಡೆಗೆ ಬರೀ ಬೆನ್ನು.

ಸೀರಿಯಲ್ಲಿನ ನೆಪದಲ್ಲಿ ಮಂಗಲಾ ನನ್ನನ್ನು ಭಾನುವಾರ ಭಾಲ್ಕಿಗೆ ಊಟಕ್ಕೆ ಕರೆದಳು. ಶಾಹಿದಾಳೂ ಬರುತ್ತಾಳೆಂದು ಗೊತ್ತಿದ್ದೂ ಹೋದೆ. ಊಟದ ನಡುವೆ ಮಂಗಲಾ ನಗುತ್ತಾ, "ನಮ್ಮ ಸೀರಿಯಲ್ಲಿನ್ಯಾಗ ಹೀರೋಯಿನ್ ಸುಜೀನೇ. ಹಳ್ಳದಾಗ ಒಬ್ಬಾಕೇ ಉಳದಾಕಿ" ಎಂದಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನುಂಗಿದ್ದು ಬಾಯಿಗೆ ಬಂತು. "ಉಳದಾಕಿ ಅಲ್ಲ, ಬಿಟ್ಟು ಹೋಗಿದ್ರಿ. ಇಕಿ ನನಗ ಖೋ ಕೊಡಲಿಲ್ಲ" ಎಂದೆ.

ಶಾಹಿದಾ ತುತ್ತು ಕೆಳಗಿಟ್ಟಳು. "ಕಸಮ್ ಸೇ ಸುಜೀ, ನಾ ನಿನಗ ಖೋ ಕೊಟ್ಟೀನಿ. ಮಳ್ಯಾಗ ಮಾರಿ ಎಲ್ಲಿ ಕಾಣ್ತಿತ್ತು? ಅಂಗಿ ಮ್ಯಾಲಿನ ನಂಬರ್ ನೋಡಿ ಕೊಟ್ಕೋತ ಬಂದೆ. ಒಂಬತ್ತು ನಿಂದಲ್ಲಾ? ಕೊನಿ ನಂಬರ್. ಒಂಬತ್ತು ಎದ್ದು ಓಡಿತು. ಹಿಂದ ಬರೀ ಗೋಣಿಚೀಲ ಇತ್ತು. ಸಾಮಾನು ಅಂದ್ಕೊಂಡೆ."

ಮಂಗಲಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಸುಜೀ! ನಾ ಥಂಡೀಲೆ ನಡಗ್ತಿದ್ದೆ. ನೀನೇ ಯುನಿಫಾರ್ಮ್ ಮ್ಯಾಲಿನ ನಿನ್ನ ನಂಬರ್ ಅಂಗಿ ಬಿಚ್ಚಿ ನನ್ನ ಅಂಗಿ ಮ್ಯಾಲ ಹಾಕಿದ್ದಿ. ನೀ ಗೋಣಿಚೀಲ ಹೊದ್ದಿ."

ಹೌದು. ಹಾಕಿದ್ದೆ. ನನ್ನ ಪಕ್ಕದಲ್ಲೇ ಕೂತಿದ್ದಳು, ಹಲ್ಲು ಕಟಕಟ ಎನ್ನುತ್ತಿದ್ದವು. ಅದನ್ನೇ ನಾನು ಮರೆತಿದ್ದೆ. ಬಿಟ್ಟುಹೋದದ್ದು ಮಾತ್ರ ನೆನಪಿನಲ್ಲಿತ್ತು.

"ಅಂಗಿ ಎಲ್ಲದ ಈಗ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅವ್ವ ನೆಲ ಒರಸೋ ಅರಿವಿ ಮಾಡಿದ್ಲು."

ಮೂವರೂ ನಕ್ಕೆವು. ನಗುತ್ತಲೇ ನನಗೆ ಸಂಕಟವಾಯಿತು. ನಾನು ಸಿಟ್ಟು ಇಟ್ಟುಕೊಂಡಿದ್ದವಳು ತಪ್ಪೇ ಮಾಡಿರಲಿಲ್ಲ. ಹಾಗಾದರೆ ಇಷ್ಟು ವರ್ಷದ ಸಿಟ್ಟನ್ನು ಈಗ ಎಲ್ಲಿಡಲಿ? ಮಳೆಯ ಮೇಲೆ ಇಡಲೇ? ಓಣಿಯ ಬಾಯಿಗಳ ಮೇಲೆ ಇಡಲೇ? ಸಮಾಧಾನವಾಗಬೇಕಿತ್ತು, ಬದಲಿಗೆ ಕೈ ಖಾಲಿಯಾದಂತೆ ಚಡಪಡಿಕೆ. ಆ ಸೀರಿಯಲ್ಲಿನವರಿಗೆ ಎಲ್ಲ ನೆನಪಿದೆ, ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಊರೆಲ್ಲ ಮಾತಾಡಿತು, ನಾವು ಮೂವರು ಮಾತ್ರ ಅರ್ಧರ್ಧ ನೆನಪಿಟ್ಟುಕೊಂಡು ಕೂತೆವು.

ಬೀದರಿಗೆ ಶಾಹಿದಾ, ನಾನು ಒಂದೇ ಬಸ್ಸಿನಲ್ಲಿ ಬಂದೆವು. "ಮಗಳು ಆಡ್ತಾಳಂತ?" ಎಂದಳು.

"ಆಡ್ತಾಳ. ಔರಾದ್‌ಗ ಕಳಸಂಗಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ನಾವು ಗೊತ್ತಿಲ್ದ ನಿನ್ನ ಬಿಟ್ಟು ಹೋದ್ವಿ. ನೀ ಗೊತ್ತಿದ್ದೂ ಅಕಿನ್ನ ಬಿಟ್ಟು ಟೀಮ್ ಕಳಸ್ಲತ್ತಿ. ಕ್ಯಾ ಫರಕ್ ಹೈ, ಬೋಲ್?"

ಸಿಟ್ಟು ಬಂತು. ಅದೂ ಅವಳ ಮೇಲಲ್ಲ.

ಇಂದು ಮ್ಯಾಚ್. ಬೆಳಗ್ಗೆ ಎದ್ದು ನೋಡಿದರೆ ಪ್ರಜ್ಞಾ ಟೀಮಿನ ಅಂಗಿ ಹಾಕಿಕೊಂಡು, ಬೂಟಿನ ಲೇಸ್ ಕಟ್ಟಿ, ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ಕಳಿಸು ಎಂದು ಕೇಳಲಿಲ್ಲ. ಓಣಿಯ ತುದಿಯಲ್ಲಿ ಶಾಲೆಯ ಟೆಂಪೋ ಹಾರ್ನ್ ಹೊಡೆಯಿತು. ಅವಳು ಏಳಲಿಲ್ಲ. ಇನ್ನೊಮ್ಮೆ ಹೊಡೆಯಿತು. ಆಗಲೂ ಏಳಲಿಲ್ಲ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮುಂದಕ್ಕೆ ಹೋಗಿ, ಬಗ್ಗಿ, ಬೆನ್ನು ತಟ್ಟಿದೆ.

"ಖೋ."

ಎದ್ದಳು ನೋಡಿ! ಮೆಟ್ಟಿಲು ಹಾರಿ, ಗೇಟು ತೆಗೆದು, ಹಿಂದೆ ತಿರುಗದೆ ಓಡಿದಳು. ಟೆಂಪೋ ಹೋಯಿತು.

ಖೋ ಕೊಟ್ಟವರು ಎದ್ದವಳ ಜಾಗದಲ್ಲಿ ಕೂರಬೇಕು, ಅದು ನಿಯಮ. ಮೆಟ್ಟಿಲ ಮೇಲೆ ಕೂತು ಫೋನಿನಲ್ಲೇ ಈ ಅಂಕಣ ಬರೆಯುತ್ತಿದ್ದೇನೆ, ಮೋಡ ಕಟ್ಟುತ್ತಿದೆ. ಔರಾದ್ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ, ಅಲ್ಲಿ ಮಳೆ ಶುರುವಾಯಿತಾ?